ಚಾರ್ಜಿನ ಗಾಡಿಗೆ ಮುತ್ತಿದ ಇರುವೆ

ಡೀಸೆಲ್ ಕ್ಯಾನು ಖಾಲಿಯಾಗಿತ್ತು.

ಸೋಮವಾರ ತುಂಬಿಸಿಟ್ಟ ಕ್ಯಾನು. ದಿನಕ್ಕೊಂದು ತಾಸು ಜನರೇಟರ್ ಓಡಿಸಿ ಕಂಪ್ಯೂಟರಿಗೆ ಲೆಕ್ಕ ಏರಿಸಿದರೆ ವಾರವಿಡೀ ಬರಬೇಕು. ಗುರುವಾರ ಮಧ್ಯಾಹ್ನ ನಾನು ಎತ್ತಿ ಅಲುಗಾಡಿಸಿದರೆ ಒಳಗೆ ಹನಿಯ ಸದ್ದೂ ಇಲ್ಲ.

"ಕಳ್ಳ ಒಳಗಿನಾವನ ಅದಾನ," ಎಂದರು ಚೇರಮನ್ ಗುರುಲಿಂಗಪ್ಪ. "ನಿನ್ನಿ ಕೊನೀ ಓವರಿನಾಗ ನಮ್ಮವರು ಸೋತದ್ದು ನೋಡಿ ಹೊಟ್ಟಿ ಉರದಿತ್ತು. ಇವತ್ತ ಇದನ್ನೂ ನೋಡಬೇಕಾತು."

ನಾನು ಬಾಳೇಶ, ಮೂಡಲಗಿಯ ಒಂದು ಸಣ್ಣ ಪತ್ತಿನ ಸೊಸೈಟಿಯ ಕ್ಯಾಶಿಯರ್. ಇದು ೨೦೦೮ರ ಚಳಿಗಾಲದ ಮಾತು. ಹಗಲೆಲ್ಲ ಕರೆಂಟು ತೆಗೆಯುತ್ತಿದ್ದ ಕಾಲ. ಸೊಸೈಟಿಯಲ್ಲಿ ನಾವು ಮೂರೇ ಜನ: ಚೇರಮನ್, ನಾನು, ಕ್ಲರ್ಕ್ ತವನಪ್ಪ. ಚೇರಮನ್ನರು ತಮ್ಮನ್ನು ತಾವು ಸಂಶಯಿಸುವವರಲ್ಲ. ನನ್ನದು ತುಳಿಯುವ ಸೈಕಲ್ಲು. ಉಳಿದವನು ತವನಪ್ಪ. ಅವನದು ಕರೆಂಟಿನ ಗಾಡಿ.

"ಮೂರು ದಿನದಿಂದ ಹಗಲು ಕರೆಂಟ್ ಇಲ್ಲ. ಇವನ ಗಾಡಿ ಮಾತ್ರ ದಿನಾ ಸಂಜಿ ಫುಲ್ ಚಾರ್ಜ್. ಎಲ್ಲಿಂದ ಬಂತು? ನಾವು ಉಣ್ಣೂವಾಗ ಜನರೇಟರ್ ಹಚ್ಚಿ ಚಾರ್ಜ್ ಮಾಡ್ಯಾನ. ಸಂಜಿ ಒಳಗ ಒಪ್ಪಿಕೊಳ್ಳಲಿ. ಇಲ್ಲಂದ್ರ ನಾಳಿಂದ ಬರೂದು ಬ್ಯಾಡ."

ತವನಪ್ಪ ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. "ಬಾಳೇಶ, ಕಳ್ಳ ಅನಿಸ್ಕೊಂಡು ಯಾವ ಮಾರಿ ತಗೊಂಡು ಗೋಕಾಕಿಗೆ ಹೋಗ್ಲಿ?" ಎಂದು ನನಗಷ್ಟೇ ಕೇಳುವಂತೆ ಅಂದ.

ಇವನ ಬಗ್ಗೆ ಎರಡು ಮಾತು ಹೇಳಬೇಕು. ತವನಪ್ಪ ಜೈನರವನು, ಮನೆ ಗೋಕಾಕದಲ್ಲಿ. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಟ್ರ್ಯಾಕ್ಟರು. ಬಸ್ಸು ಹಿಡಿದರೆ ಕತ್ತಲಾದ ಮೇಲೆಯೇ ಗೋಕಾಕ. ಅದಕ್ಕೇ ಈ ಗಾಡಿ ಕೊಂಡಿದ್ದ. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಸದ್ದಂತೂ ಇಲ್ಲವೇ ಇಲ್ಲ. ಟ್ರ್ಯಾಕ್ಟರುಗಳ ಸಂದಿಯಲ್ಲಿ ನುಸುಳಿಕೊಂಡು ಸೂರ್ಯನಿಗಿಂತ ನಾಲ್ಕು ಹೆಜ್ಜೆ ಮುಂದೆ ಮನೆ ಮುಟ್ಟುತ್ತಿದ್ದ. ಒಂದೇ ತೊಡಕು. ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜು ಮುಗಿಯುತ್ತಿತ್ತು. ಇಲ್ಲಿ ಮತ್ತೆ ತುಂಬಿಕೊಳ್ಳದಿದ್ದರೆ ಬಸ್ಸೇ ಗತಿ, ರಾತ್ರಿ ಉಪವಾಸವೇ ಗತಿ.

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಕಳ್ಳ ಅಂತ ನಿಕಾಲಿ ಮಾಡೂ ಮೊದಲು ಫೌಜದಾರ್ರನ್ನ ಒಂದ್ ಮಾತು ಕೇಳೂಣು," ಎಂದೆ.

ಫೌಜದಾರ್ ಎಂದರೆ ಬೀರಸಿದ್ದಪ್ಪ. ಹುಕ್ಕೇರಿ ಠಾಣೆಯಿಂದ ನಿವೃತ್ತರಾಗಿ ಬಂದವರು, ನಮ್ಮ ಸೊಸೈಟಿಯ ಸದಸ್ಯರು. ನೌಕರಿ ಬಿಟ್ಟರೂ ಪ್ರಶ್ನೆ ಬಿಟ್ಟಿರಲಿಲ್ಲ. ಅವರ ಮನೆಯವರ ಪ್ರಕಾರ ಸಾರಿಗೆ ಉಪ್ಪು ಹೆಚ್ಚಾದರೂ ವಿಚಾರಣೆ ನಡೆಯುತ್ತದೆ. ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು ಬಂದವರು ಕೂರಲೂ ಇಲ್ಲ.

"ಜನರೇಟರ್ ಕೋಣಿ ಕೀಲಿ ಯಾರ ಹತ್ರ ಐತಿ?"

"ನನ್ನ ಹತ್ರ ಒಂದು," ಎಂದರು ಚೇರಮನ್. "ಇನ್ನೊಂದು ಮೊಳಿಗೆ ತೂಗತೇತಿ. ಯಾರರೆ ತಗೋಬಹುದು."

"ಅದರ ಲೈನ್ ಎಲ್ಲೆಲ್ಲಿ ಹೋಗೇತಿ?"

"ಕಂಪ್ಯೂಟರಿಗೆ. ನನ್ನ ಕೋಣಿಗೆ. ಅಷ್ಟ."

"ಹಿತ್ತಲದ ಪ್ಲಗ್ಗಿಗೆ?"

"ಇಲ್ಲ."

"ಅಂದ್ರ ತವನಪ್ಪ ಗಾಡಿ ಒಳಗ ತಂದು, ಕಂಪ್ಯೂಟರ್ ಬಾಜೂಕ ನಿಂದ್ರಿಸಿ ಚಾರ್ಜ್ ಮಾಡಿರಬೇಕು. ಬಾಳೇಶ, ಗಾಲಿ ಗುರುತು ಕಂಡ್ಯೇನು?"

"ಇಲ್ರಿ. ಮುಂಜಾನೆ ನಾನ ಕಸಾ ಹೊಡದೇನಿ."

"ಜನರೇಟರ್ ಸಪ್ಪಳ?"

ಚೇರಮನ್ ನಡುವೆ ಬಾಯಿ ಹಾಕಿದರು. "ಆ ಗಾಣದ ಎಂಜಿನ್ ಗದ್ದಲದಾಗ ಏನ್ ಕೇಳತೇತ್ರಿ?"

ಅದು ನಿಜ. ಹಿತ್ತಲ ಗೋಡೆಯಾಚೆಯ ಖಾಲಿ ಜಾಗದಲ್ಲಿ ದೀಪಾವಳಿ ಮುಗಿದ ಮೇಲೆ ಯಾರೋ ಬೆಲ್ಲದ ಗಾಣ ಹೂಡಿದ್ದರು. ಅದರ ಡೀಸೆಲ್ ಎಂಜಿನ್ನು ಬೆಳಗಿನಿಂದ ಸಂಜೆವರೆಗೆ ಡುಬುಡುಬು ಎಂದು ನಮ್ಮ ಕಿವಿ ತಿನ್ನುತ್ತಿತ್ತು.

"ಗಾಡಿ ತೋರಸ್ರಿ," ಎಂದರು ಬೀರಸಿದ್ದಪ್ಪ.

ಗಾಡಿ ಬೇವಿನ ಗಿಡದ ಕೆಳಗೆ, ಹಿತ್ತಲ ಗೋಡೆಗೆ ತಾಗಿ ನಿಂತಿತ್ತು. ಚಾರ್ಜರಿನ ವಾಯರು ಹಿಂಬಾಗಿಲ ಪಕ್ಕದ ಪ್ಲಗ್ಗಿಗೆ ಹೋಗಿತ್ತು. ತವನಪ್ಪ ಬೆಳಗ್ಗೆ ಬಂದು ಅದನ್ನು ಚುಚ್ಚಿದರೆ ಮತ್ತೆ ಅದರ ಮುಖ ನೋಡುವುದು ಸಂಜೆಯೇ.

"ಕರೆಂಟ್ ಇಲ್ದ ಗಾಡಿ ಹ್ಯಾಂಗ ತುಂಬತೈತಿ ಅಂತ ನಿಮಗ ಅನಸಲಿಲ್ಲೇನು?"

"ಮಧ್ಯಾಹ್ನ ಒಂದಿಷ್ಟು ಬಂದು ಹೋಗಿರಬೇಕು ಅನಕೊಂಡಿದ್ನಿರಿ," ಎಂದ ತವನಪ್ಪ. "ಖರೆ ಹೇಳಬೇಕಂದ್ರ, ಬಂತಲ್ಲ ಅನ್ನೂ ಸಂತೋಷದಾಗ ಹೆಚ್ಚಿಗಿ ಕೇಳಲಿಲ್ಲ."

ಹೇಳುತ್ತ ಅವನು ಮೊಣಕಾಲೂರಿ ಕೂತು ಪ್ಲಗ್ಗಿನ ಮೇಲೆ ಮೆಲ್ಲಗೆ ಊದತೊಡಗಿದ.

"ಇದೇನ ಮಾಡಾಕತ್ತೀರಿ?"

"ಇರುವಿ ಕುಂತಾವ್ರಿ. ಹಂಗ ಕಿತ್ರ ಸಾಯತಾವ."

ನನಗೆ ನಗು ಬಂತು. ದಿನಾ ಸಂಜೆಯ ನಾಟಕ ಅದು. ಇವನು ಊದುವುದು, ಇರುವೆ ಒಂದೊಂದೇ ಇಳಿಯುವುದು, ನಾನು ಚೇಷ್ಟೆ ಮಾಡುವುದು. ಬೀರಸಿದ್ದಪ್ಪ ಮಾತ್ರ ನಗಲಿಲ್ಲ.

"ದಿನಾ ಬರತಾವೇನು?"

"ದೀಪಾವಳಿ ಆದ ಮ್ಯಾಲಿಂದ ದಿನಾ ಬರತಾವ್ರಿ. ಪ್ಲಗ್ಗಿಗೆ ಬರತಾವ, ಗಾಡಿಗೆ ವಾಯರ್ ಚುಚ್ಚೂ ತೂತಿಗೂ ಬರತಾವ."

"ಗೋಕಾಕದಿಂದ ಕರದಂಟು ತಂದು ಡಿಕ್ಕಿಯಾಗ ಇಟ್ಟಿರಬೇಕು," ಎಂದರು ಚೇರಮನ್.

ಬೀರಸಿದ್ದಪ್ಪ ಡಿಕ್ಕಿ ತೆರೆದರು. ಒಂದು ಹಳೇ ಸ್ವೆಟರ್ ಬಿಟ್ಟರೆ ಏನಿಲ್ಲ. ಒಂದು ಇರುವೆಯೂ ಇಲ್ಲ. ಆಮೇಲೆ ಅವರು ಮಾಡಿದ್ದನ್ನು ಯಾವ ಫೌಜದಾರನೂ ಮಾಡಿರಲಾರ. ಪ್ಲಗ್ಗನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡರು.

"ಬಾಳೇಶ, ಕರೆಂಟ್ ಸಿಹಿ ಇರತೈತೇನು?"

ನಾನು ಕಣ್ಣು ಬಿಟ್ಟೆ.

ಅವರು ಬಗ್ಗಿ ಇರುವೆಯ ಸಾಲಿನ ಬೆನ್ನು ಹಿಡಿದು ನಡೆದರು. ಸಾಲು ಸೊಸೈಟಿಯ ಒಳಗೆ ಹೋಗಲಿಲ್ಲ. ಬೇವಿನ ಗಿಡ ದಾಟಿ ಗೋಡೆಯ ಬುಡಕ್ಕೆ, ಮಳೆನೀರು ಹೋಗಲು ಬಿಟ್ಟ ಕಿಂಡಿಗೆ ಹೋಯಿತು. ಅವರು ಕಿಂಡಿಗೆ ಕೈ ಹಾಕಿ ಏನನ್ನೋ ಎಳೆದರು. ಕರಿ ವಾಯರು. ತುದಿಗೆ ಪ್ಲಗ್ಗು ಸಿಕ್ಕಿಸುವ ಡಬ್ಬಿ. ಅದೂ ಅಂಟಂಟು.

"ಈಗ ಡೀಸೆಲ್ ಮಾತು," ಎಂದು ಅವರು ಎದ್ದು ನಿಂತರು. "ಚೇರಮನ್ನರ, ನಿನ್ನಿ ಮ್ಯಾಚ್ ಎಲ್ಲಿ ನೋಡಿದ್ರಿ?"

"ಮ್ಯಾಚ್?"

"ಕೊನೀ ಓವರಿನಾಗ ಸೋತದ್ದು ನೋಡಿದೆ ಅಂದ್ರಿ ಅಂತ ಬಾಳೇಶ ಹೇಳಿದ. ಹಗಲ ಮ್ಯಾಚ್. ಊರಾಗ ಹಗಲು ಕರೆಂಟ್ ಇಲ್ಲ. ನೀವು ಸಂಜಿತನಾ ಇಲ್ಲೇ ಇದ್ರಿ. ನಿಮ್ಮ ಕೋಣ್ಯಾಗ ಟಿವಿ ಐತಿ, ಕೋಣಿಗೆ ಜನರೇಟರ್ ಲೈನ್ ಐತಿ. ದಿನಕ್ಕೊಂದು ಮ್ಯಾಚ್ ಮೂರು ದಿನದಿಂದ ನಡದೈತಿ. ಡೀಸೆಲ್ಲೂ ಮೂರು ದಿನದಾಗ ಮುಗದೈತಿ. ಗಾಣದ ಗದ್ದಲದಾಗ ಯಾರಿಗೂ ಕೇಳೂದಿಲ್ಲ ಅಂತ ಈಗ ನೀವ ಹೇಳಿದ್ರಿ."

ಚೇರಮನ್ನರ ಮುಖ ಇಂಗು ತಿಂದಂತಾಯಿತು. ಆ ಮಾತು ಮಧ್ಯಾಹ್ನ ನನ್ನ ಕಿವಿಗೂ ಬಿದ್ದಿತ್ತು. ಫೌಜದಾರರಿಗೆ ಹೇಳಿದವನೂ ನಾನೇ. ಆದರೂ ಹೊಳೆಯಲಿಲ್ಲ.

"ಚಾಲೂ ಮಾಡಿ ಬಂದ್ ಮಾಡೂದು ಮರತೆ," ಎಂದು ಅವರು ಗೋಡೆಗೆ ಹೇಳಿದರು.

"ಹಂಗಾರ ಗಾಡಿಗೆ ಕರೆಂಟ್ ಕೊಟ್ಟಾವ್ರು ಯಾರ್ರಿ?" ಎಂದ ತವನಪ್ಪ. ಕಳಂಕ ಹೋದದ್ದೇ ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ.

"ಕೇಳೂಣು ಬರ್ರಿ."

ಗೋಡೆ ಕುಸಿದಿದ್ದ ಕಡೆ ದಾಟಿ ನಾಲ್ವರೂ ಗಾಣಕ್ಕೆ ಹೋದೆವು. ದೊಡ್ಡ ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಎಂಜಿನ್ನಿಗೆ ಬೆಲ್ಟು ಹಾಕಿ ಒಂದು ಡೈನಮೋ ಕೂಡಿಸಿದ್ದರು. ಅಲ್ಲಿಂದ ಹೊರಟ ಕರಿ ವಾಯರು ನೇರ ನಮ್ಮ ಕಿಂಡಿಗೆ ಬಂದಿತ್ತು. ಕಡಾಯಿಯ ಬಳಿ ನಿಂತ ಹೆಂಗಸು ನಮ್ಮನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡಳು. ಮೊಣಕೈವರೆಗೂ ಬೆಲ್ಲ.

"ಏನವ್ವಾ, ನಿನ್ನ ಹೆಸರು?" ಎಂದರು ಬೀರಸಿದ್ದಪ್ಪ.

"ಯಮನವ್ವರಿ."

"ಈ ಅಣ್ಣಾರ ಗಾಡಿಗೆ ಕರೆಂಟ್ ಹಾಕಾಕಿ ನೀನ ಅಲ್ಲ?"

ಆಕೆ ನೆಲ ನೋಡಿದಳು. "ಹೌದ್ರಿ. ತಪ್ಪಾಗಿದ್ರ ನನ್ನ ಬೈರಿ, ಅವರನ್ನ ಬೈಬ್ಯಾಡ್ರಿ."

ಮೂಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ ಗಂಡಸು ಊರುಗೋಲು ಹಿಡಿದು ಎದ್ದ. ತವನಪ್ಪ ಅವನನ್ನೇ ನೋಡಿದ. "ನೀವು... ಗೋಕಾಕ್ ರಸ್ತೇದಾಗ..."

"ನಾನರಿ, ಅಪ್ಪಣ್ಣ."

ಮಳೆಗಾಲದ ಒಂದು ಮುಸ್ಸಂಜೆ ಅಪ್ಪಣ್ಣ ಬೈಕಿನಿಂದ ಬಿದ್ದು, ಕಾಲು ಮುರಿದು, ಕಬ್ಬಿನ ಹೊಲದ ಬದಿಯ ತಗ್ಗಿನಲ್ಲಿ ಬಿದ್ದಿದ್ದನಂತೆ. ಗಾಡಿಗಳು ಒಂದರ ಹಿಂದೊಂದು ಹೋದವು. ತಮ್ಮ ಎಂಜಿನ್ನಿನ ಸದ್ದಿನಲ್ಲಿ ಅವನ ನರಳಾಟ ಯಾರಿಗೂ ಕೇಳಲಿಲ್ಲ. ಕೇಳಿದ್ದು ಸದ್ದಿಲ್ಲದ ಗಾಡಿಯವನಿಗೆ ಮಾತ್ರ. ಇಬ್ಬರ ಭಾರಕ್ಕೆ ಗೋಕಾಕ ಬರುವ ಮೊದಲೇ ಚಾರ್ಜು ಮುಗಿಯಿತು. ತವನಪ್ಪ ಅವನನ್ನು ಸೀಟಿನ ಮೇಲೆ ಹಾಗೇ ಕೂರಿಸಿಕೊಂಡು ದವಾಖಾನೆಯವರೆಗೆ ತಳ್ಳಿದ. ಈ ಪುಣ್ಯಾತ್ಮ ನನಗೆ ಇದರ ಒಂದಕ್ಷರವೂ ಹೇಳಿರಲಿಲ್ಲ.

"ರಾತ್ರಿ ನಾ ದವಾಖಾನಿಗೆ ಹೋದಾಗ ಇವರು ಬಾಕಿನ ಮ್ಯಾಲ ಕುಂತಿದ್ರು," ಎಂದಳು ಯಮನವ್ವ. "ಚಾ ತಂದೆ, ಬ್ಯಾಡ ಅಂದ್ರು. ನೀರ್ ತಂದೆ, ಹೊತ್ತ ಮುಣಗೇತಿ, ಕುಡಿಯೂದಿಲ್ಲ ಅಂದ್ರು. ನಿಮ್ಮ ಋಣ ಹ್ಯಾಂಗ ತೀರಸಲಿ ಅಂದ್ರ, ನಂದೇನ್ ಹೋತವ್ವಾ, ಒಂದ್ ಚಾರ್ಜ್ ಹೋತು ಅಷ್ಟ ಅಂದ್ರು. ಹೆಸರೂ ಹೇಳಲಿಲ್ಲ. ಇಲ್ಲಿ ಗಾಣ ಹೂಡಿದ ಮರುದಿನ ಗ್ವಾಡಿ ಆಚೆ ಆ ಗಾಡಿ ಕಂಡೆ. ಅವರು ಹೇಳಿದ್ದು ನೆನಪಿತ್ತು. ಹೋಗಿದ್ದು ಚಾರ್ಜ್ ಅಲ್ಲ? ಚಾರ್ಜ ಕೊಡೂಣು ಅನಕೊಂಡೆ. ಕರೆಂಟ್ ಇಲ್ದಾಗ ಗ್ವಾಡಿ ದಾಟಿ ಬಂದು ಆ ಪ್ಲಗ್ ಕಿತ್ತು ನಮ್ಮ ವಾಯರಿಗೆ ಚುಚ್ಚತಿದ್ದೆ, ಸಂಜಿ ಮತ್ತ ಮೊದಲಿನಂಗ ಹಚ್ಚತಿದ್ದೆ. ಹೇಳಿ ಕೊಟ್ರ ತಗೋತಿರಲಿಲ್ಲ."

ತವನಪ್ಪ ಕನ್ನಡಕ ತೆಗೆದ. ಒರೆಸಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನಿಂತ.

"ಇನ್ನೇನು, ಪ್ರಕರಣ ಮುಗೀತು," ಎಂದರು ಬೀರಸಿದ್ದಪ್ಪ. "ಗಾಡಿ ಮ್ಯಾಲ ಇರುವಿ ಯಾಕ ಬಂತು ಅಂತ ಒಬ್ಬರರೆ ಕೇಳಿದ್ರ ನನ್ನ ಕರಿಯೂ ಪ್ರಸಂಗ ಇರಲಿಲ್ಲ."

ಆಗ ನಾನು ಪಡುವಣಕ್ಕೆ ನೋಡಿದೆ. ಈ ವಿಚಾರಣೆಯಲ್ಲಿ ತವನಪ್ಪ ಹೊರಡುವ ಹೊತ್ತು ಎಂದೋ ಮೀರಿತ್ತು. ಸೂರ್ಯ ಕಬ್ಬಿನ ತುದಿಗೆ ಇಳಿದಿದ್ದ. ಚಾರ್ಜು ಪೂರ್ತಿ ಇದ್ದರೂ ಇನ್ನು ಗೋಕಾಕ ಸಿಗುವಂತಿರಲಿಲ್ಲ.

"ಇರಲಿ ಬಿಡ್ರಿ. ಒಂದು ರಾತ್ರಿ ಏನಾಗತೇತಿ," ಎಂದ ತವನಪ್ಪ.

ಯಮನವ್ವ ಓಡಿಹೋಗಿ ಗುಡಿಸಲಿನಿಂದ ಒಂದು ತಾಟು ತಂದಳು. ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ತುಂಡು ಹೊಸ ಬೆಲ್ಲ.

"ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿಲ್ರಿ ಅಣ್ಣಾರ. ನಿಮ್ಮವರ ಮನ್ಯಾಗ ಹ್ಯಾಂಗ ಮಾಡತಾರ ಅಂತ ಕೇಳಿ ತಿಳಕೊಂಡೇನಿ. ಎಂಜಿನ್ ಕೆಟ್ಟು ಒಂದಿನಾ ಚಾರ್ಜ್ ಆಗದಿದ್ರ ಇವರು ಉಪಾಸ ಇರತಾರಲ್ಲ ಅಂತ, ದಿನಾ ಬ್ಯಾರೆ ತಗದಿಡತಿದ್ದೆ."

"ದಿನಾ?" ಎಂದೆ ನಾನು.

"ದಿನಾ ರಿ. ಇವರು ಹೋದ ಮ್ಯಾಲ ನಾವ ಉಣತಿದ್ವಿ."

ತವನಪ್ಪ ಎರಡೂ ಕೈಯಿಂದ ತಾಟು ತೆಗೆದುಕೊಂಡು ನೆಲಕ್ಕೆ ಕೂತ. ಯಾರಿಂದಲೂ ಏನೂ ತೆಗೆದುಕೊಳ್ಳದವನು. ಬೆಲ್ಲದ ಮೇಲೆ ಆಗಲೇ ಎರಡು ಇರುವೆ ಹತ್ತಿದ್ದವು. ಅವನು ಬಗ್ಗಿ ಮೆಲ್ಲಗೆ ಊದತೊಡಗಿದ. ಚೇರಮನ್ನರು ಸೂರ್ಯನನ್ನು ನೋಡಿದರು, ತಾಟನ್ನು ನೋಡಿದರು, ಪಂಚೆ ಎತ್ತಿಕಟ್ಟಿ ಅವನ ಎದುರು ಕೂತು ತಾವೂ ಊದಿದರು.

ಇರುವೆ ಇಳಿದವು. ಹೊತ್ತು ಇನ್ನೂ ಇತ್ತು. ತವನಪ್ಪ ಮೊದಲ ತುತ್ತು ಮುರಿದ.