ಕಪ್ಪು ಬಿಲ್ಲೆಯ ಕಳವು

ಬೀರುವಿನ ಬೀಗ ಒಡೆದಿತ್ತು. ಒಳಗಿನ ಡಬ್ಬಿ ಖಾಲಿ.

"ಎರಡು ವರ್ಷದ ದುಡಿಮೆ ಹೋಯ್ತು!" ಪ್ರಯೋಗಾಲಯದ ಮುಖ್ಯಸ್ಥರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಕಳುವಾದದ್ದು ಅಂಗೈಯಗಲದ ಉಕ್ಕಿನ ಬಿಲ್ಲೆ. ಅದರ ಮೇಲೆ ಹೆಚ್ಚುಕಡಿಮೆ ವಜ್ರದಷ್ಟೇ ಗಟ್ಟಿಯಾದ ಇಂಗಾಲದ ಲೇಪ. ಕೃತಕ ಮಂಡಿ ಸವೆಯದಂತೆ ಕಾಯುವ ಲೇಪವಂತೆ. ಅದನ್ನು ನೋಡಲು ಮೂಳೆ ಡಾಕ್ಟರುಗಳು ಮಧ್ಯಾಹ್ನ ಬರುವವರಿದ್ದರು.

ಇನ್ಸ್‌ಪೆಕ್ಟರಮ್ಮನಿಗೆ ಕೂರಲು ಮನಸ್ಸಾಗಲಿಲ್ಲ. ಕಿಟಕಿಗೂ ಬಾಗಿಲಿಗೂ ಶತಪಥ ಹಾಕಿದಳು. ಏನೋ ಸರಿಯಿಲ್ಲ. ಏನೆಂದು ತಿಳಿಯದು.

"ಯಾರ ಮೇಲೆ ಅನುಮಾನ?"

"ನನ್ನ ಸಹಾಯಕಿ. ಮಗಳ ಥರ ನೋಡ್ಕೊಂಡಿದ್ದೆ. ಉಂಡ ಮನೆಗೇ ಕನ್ನ ಹಾಕಿದಳು."

ಕಾನ್‌ಸ್ಟೇಬಲ್ ತಡಕಿದಾಗ ಸಹಾಯಕಿಯ ಕೈಚೀಲದಲ್ಲಿ ಕಪ್ಪು ಬಿಲ್ಲೆಯೊಂದು ಸಿಕ್ಕೇಬಿಟ್ಟಿತು.

"ಮುಗೀತು ಬಿಡಿ ಮೇಡಂ," ಕಾನ್‌ಸ್ಟೇಬಲ್ ಮುಖ ಅರಳಿತು.

ಇನ್ಸ್‌ಪೆಕ್ಟರಮ್ಮ ಅದನ್ನು ಹೆಬ್ಬೆರಳಿನಿಂದ ಉಜ್ಜಿದಳು. ಮಸಿ ಬೆರಳಿಗೆ ಬಂತು.

"ಅದು ಕೆಟ್ಟುಹೋಗಿದ್ದು ಮೇಡಂ," ಸಹಾಯಕಿ ಮುಂದೆ ಬಂದಳು. "ನಾನು ಮಾಡಿದ್ದೆಲ್ಲಾ ಹೀಗೇ ಆಗ್ತಿತ್ತು. ದಿನಾ ಏನ್ ಮಾಡ್ತೀಯೇ ಅಂತ ಅಮ್ಮ ಕೇಳ್ತಿದ್ರು. ತೋರ್ಸೋಣ ಅಂತ ಇಟ್ಕೊಂಡೆ."

"ಗಟ್ಟಿ ಬಿಲ್ಲೇನ ಕಣ್ಣಾರೆ ನೋಡಿದ್ಯಾ?"

"ಇಲ್ಲ. ನಾನು ರಜೆಯಲ್ಲಿದ್ದಾಗ ಆಯ್ತಂತೆ. ಸರ್ ಹೇಳಿದ್ರು."

\*

ಪ್ರಯೋಗಾಲಯದ ಗಾಜಿನ ತೊಟ್ಟಿಯಲ್ಲಿ ಮೆಥನಾಲ್ ಎಂಬ ದ್ರವ. ಅದರೊಳಗೆ ಇಳಿಬಿಟ್ಟ ಎರಡು ತಂತಿ.

"ಲೇಪ ಹೇಗೆ ಬೆಳೆಯುತ್ತೆ, ಹೇಳಮ್ಮ," ಇನ್ಸ್‌ಪೆಕ್ಟರಮ್ಮ ಸಹಾಯಕಿಯನ್ನು ಕೇಳಿದಳು.

"ಮೈನಸ್ ತಂತಿ ತುದೀಲಿರೋ ಉಕ್ಕಿನ ಕ್ಲಿಪ್ಪಿಗೆ ಬಿಲ್ಲೆ ಸಿಕ್ಕಿಸ್ತೀವಿ. ಸಾವಿರ ವೋಲ್ಟ್ ಮೇಲೆ ಕರೆಂಟ್ ಕೊಟ್ರೆ, ದ್ರವದಲ್ಲಿರೋ ಇಂಗಾಲ ಬಂದು ಕೂರುತ್ತೆ."

"ಬಿಲ್ಲೆ ಮೇಲೆ ಮಾತ್ರಾನಾ?"

"ಕ್ಲಿಪ್ಪಿನ ಮೇಲೂ. ಅದೂ ಮುಳುಗಿರುತ್ತಲ್ಲ. ಮಸಿ ತಾನೇ, ಒರೆಸಿಬಿಡ್ತೀವಿ."

ಇನ್ಸ್‌ಪೆಕ್ಟರಮ್ಮ ಗಕ್ಕನೆ ನಿಂತಳು. ಮುಖ್ಯಸ್ಥರತ್ತ ತಿರುಗಿದಳು.

"ಆ ಬಿಲ್ಲೆ ಮಾಡಿದ್ದು ಇದೇ ಕ್ಲಿಪ್ಪಿನಲ್ಲಾ ಸರ್?"

"ಇದರಲ್ಲೇ. ಡಾಕ್ಟರುಗಳಿಗೆ ತೋರ್ಸೋಕೆ ಅಂತ ಒಂದು ತಿರುಪೂ ಬದಲಾಯಿಸಿಲ್ಲ."

ಅವಳು ಕ್ಲಿಪ್ಪನ್ನು ಬೆಳಕಿಗೆ ಹಿಡಿದಳು. ಉಕ್ಕು ಫಳಫಳ ಹೊಳೆಯಿತು.

"ಬಿಲ್ಲೆ ಮೇಲೆ ಗಟ್ಟಿ ಲೇಪ ಕೂತಿದ್ರೆ ಇದರ ಮೇಲೂ ಕೂರಬೇಕಿತ್ತು. ಅದು ಒರೆಸಿದ್ರೆ ಹೋಗೋ ಅಂಥದ್ದಲ್ಲ. ಇಲ್ಲಿ ಬೆಳೆದಿದ್ದು ಬರೀ ಮಸಿ. ಇಲ್ಲದ ಬಿಲ್ಲೇನ ಯಾರು ಕದೀತಾರೆ ಸರ್? ಬೀಗ ಒಡೆದವರು ನೀವೇ."

ಮುಖ್ಯಸ್ಥರು ಕನ್ನಡಕ ತೆಗೆದರು. ಮತ್ತೆ ಹಾಕಿದರು.

"ಆಗಿದೆ ಅಂತ ಎಲ್ಲರಿಗೂ ಹೇಳ್ಬಿಟ್ಟಿದ್ದೆ. ಇನ್ನೊಂದು ತಿಂಗಳು ಸಿಕ್ಕಿದ್ರೆ ನಿಜವಾಗ್ಲೂ ಆಗ್ತಿತ್ತು."

"ಅಷ್ಟಕ್ಕೆ ಇವಳು ಜೈಲಿಗೆ ಹೋಗಬೇಕಿತ್ತಾ?"

ಅವರು ಸಹಾಯಕಿಯ ಮುಖ ನೋಡಲಿಲ್ಲ.

ಕೆಳಗೆ ಕಾರಿನ ಬಾಗಿಲು ಮುಚ್ಚಿದ ಸದ್ದು. ಡಾಕ್ಟರುಗಳು ಬಂದಿದ್ದರು. ಸಹಾಯಕಿ ಕಣ್ಣೊರೆಸಿಕೊಂಡಳು.

"ಇನ್ನೂ ಆಗಿಲ್ಲ ಅಂತ ನಾನೇ ಹೇಳ್ತೀನಿ ಮೇಡಂ."

ಮಸಿಯ ಬಿಲ್ಲೆಯನ್ನೇ ಕೈಗೆತ್ತಿಕೊಂಡಳು. ಮೆಟ್ಟಿಲಿಳಿದಳು.