ಮೊದಲನೇ ಗೇರಿನ ಬೆಟ್ಟ

"ಏನ್ರೀ ಇದು? ಲೈಬ್ರರಿ ಪುಸ್ತಕದ ಮೇಲೆ ಗೀಚ್ತಿದ್ದೀರಾ?!"

ಅವಳ ದನಿಗೆ ಓದುಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಪೆನ್ಸಿಲ್ ಹಿಡಿದಿದ್ದವನು ಮಾತ್ರ ಗಾಬರಿಯಾಗಲಿಲ್ಲ.

"ಗೀಚ್ತಿಲ್ಲ ರೀ, ತಿದ್ತಿದ್ದೀನಿ. ಈ ನಕ್ಷೆಯಲ್ಲಿರೋ ಸೇತುವೆ ಕೊಚ್ಚಿ ಹೋಗಿ ಮೂರು ವರ್ಷ ಆಯ್ತು."

"ನಿಮಗೆ ಹೇಗೆ ಗೊತ್ತು?"

"ಅದರ ಮುಂದೆ ಲಾರಿ ನಿಲ್ಲಿಸ್ಕೊಂಡು ನಾಲ್ಕು ಗಂಟೆ ಕೂತಿದ್ದೆ."

ಇನ್ನಷ್ಟು ಬೈಯಬೇಕೆಂದು ಬಾಯಿ ತೆರೆದವಳು ತನಗೇ ಗೊತ್ತಿಲ್ಲದಂತೆ ಕೇಳಿಬಿಟ್ಟಳು. "ಆಮೇಲೆ?"

ಅವನು ನಕ್ಕ. ಪಕ್ಕದ ಕುರ್ಚಿ ಎಳೆದುಕೊಟ್ಟ.

ಅವಳಿಗೆ ಇಪ್ಪತ್ತಾರು ವರ್ಷ. ಅತ್ತಿಗೆಯ ಜೊತೆ ಟೈಲರ್ ಅಂಗಡಿ ನಡೆಸುತ್ತಿದ್ದಳು. ಅಮ್ಮ ಹಾಸಿಗೆ ಹಿಡಿದ ವರ್ಷ ಪಿಯುಸಿಯ ಕೊನೆಯ ಪರೀಕ್ಷೆ ತಪ್ಪಿಹೋಗಿತ್ತು. ಒಂದೇ ಒಂದು ವಿಷಯ... ಭೂಗೋಳ! ಹೊಲಿಗೆ ತರಬೇತಿ ಕೇಂದ್ರದಲ್ಲಿ ಟೀಚರ್ ಆಗಬೇಕೆಂದರೆ ಅದನ್ನು ಪಾಸು ಮಾಡಲೇಬೇಕು. ಹಾಗಾಗಿ ಮಧ್ಯಾಹ್ನ ಅಂಗಡಿ ಮುಚ್ಚಿದ ಎರಡು ಗಂಟೆ ಅವಳು ಲೈಬ್ರರಿಯಲ್ಲಿ ಇರುತ್ತಿದ್ದಳು.

"ನೀವೂ ಪರೀಕ್ಷೆಗೆ ಕಟ್ಟಿದ್ದೀರಾ?"

ಅವನು ಪೆನ್ಸಿಲ್ ತಿರುವುತ್ತ ನಕ್ಷೆಯತ್ತ ನೋಡಿದ. "ಹ್ಞೂಂ... ಕಟ್ಟಿದ್ದೀನಿ."

ಅಂದಿನಿಂದ ಲಾರಿ ಊರಿಗೆ ಬಂದಾಗಲೆಲ್ಲ ಅವನು ಹಾಜರು. ಅವಳು ಪುಸ್ತಕ ಓದುವಳು, ಅವನು ದಾರಿ ಹೇಳುವನು.

"ಈ ಸಮೋನ್ನತಿ ರೇಖೆಗಳು ನನ್ನ ತಲೆಗೇ ಹತ್ತಲ್ಲ ನೋಡಿ. ಬರೀ ಗೆರೆ, ಗೆರೆ!"

"ಒಂದೊಂದು ಗೆರೆಯೂ ಒಂದೊಂದು ಎತ್ತರ. ಗೆರೆ ಒತ್ತಾಗಿದ್ರೆ ಕಡಿದಾದ ಏರು, ನಾನಾದ್ರೆ ಮೊದಲನೇ ಗೇರ್ ಹಾಕ್ತೀನಿ. ದೂರ ದೂರ ಇದ್ರೆ ಆರಾಮಾಗಿ ನಾಲ್ಕನೇ ಗೇರ್."

"ಅಯ್ಯೋ, ಇಷ್ಟೇನಾ!"

ಬೆಟ್ಟದ ಒಂದು ಕಡೆ ಮಳೆ, ಇನ್ನೊಂದು ಕಡೆ ಒಣ ನೆಲ ಯಾಕೆ ಎಂದು ಕೇಳಿದರೆ, "ಈ ಕಡೆ ಹತ್ತುವಾಗ ವೈಪರ್ ನಿಲ್ಲಲ್ಲ. ಆ ಕಡೆ ಇಳಿದ್ರೆ ಗಾಜಿನ ತುಂಬ ಧೂಳು," ಎನ್ನುತ್ತಿದ್ದ. ಕಾರಣವನ್ನು ಅವಳು ಪುಸ್ತಕದಲ್ಲಿ ಹುಡುಕಿ ಹೇಳಿದರೆ ಮಗುವಿನಂತೆ ಕಣ್ಣರಳಿಸುತ್ತಿದ್ದ.

ಊರು ಬಿಟ್ಟು ಎಲ್ಲಿಗೂ ಹೋಗದ ಅವಳಿಗೆ ಜಗತ್ತು ದಿನದಿನಕ್ಕೂ ದೊಡ್ಡದಾಗುತ್ತಿತ್ತು. ಅವನು ಬಾರದ ದಿನ ಮಾತ್ರ ಅದು ಅವಳು ಕಣ್ಣಿಟ್ಟು ಕಾಯುವ ಬಾಗಿಲಿನಷ್ಟೇ! 'ಇದೇನಾಗ್ತಿದೆ ನಂಗೆ?' ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಪರೀಕ್ಷೆಗೆ ಇನ್ನು ನಾಲ್ಕು ದಿನ. ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರತಿ ಅವನಿಗೂ ಇರಲಿ ಎಂದು ಲಾರಿ ಆಫೀಸಿಗೆ ಹೋದಳು. ಅಲ್ಲಿದ್ದ ಮೆಕ್ಯಾನಿಕ್ ಬಿದ್ದು ಬಿದ್ದು ನಕ್ಕ.

"ಪರೀಕ್ಷೆನಾ? ಅವನಿಗಾ?! ಹತ್ತನೇ ಕ್ಲಾಸಿಗೇ ಪುಸ್ತಕಕ್ಕೆ ಕೈ ಮುಗಿದವನಮ್ಮಾ ಅವನು!"

ಅವಳ ಮುಖ ಕೆಂಪೇರಿತು. ಹಾಗಾದರೆ ಇಷ್ಟು ದಿನ...? ತನ್ನ ಕಷ್ಟ ಅವನಿಗೆ ತಮಾಷೆಯಾಗಿತ್ತೇ?

ಮರುದಿನದಿಂದ ಲೈಬ್ರರಿಯ ಕಡೆ ತಲೆ ಹಾಕಲಿಲ್ಲ.

"ಮನೆಯಲ್ಲೇ ಓದ್ಕೋತೀನಿ ಅತ್ತಿಗೆ."

"ಓದ್ಕೋ ತಾಯಿ. ಮೊದಲು ಆ ಕಾಲರ್ ಬಿಚ್ಚು, ಉಲ್ಟಾ ಹಾಕಿದ್ದೀಯಾ. ಯಾರು ಅವನು?"

"ಯಾರೂ ಇಲ್ಲ!" ಎಂದವಳ ಕಣ್ಣು ತುಂಬಿತ್ತು. ಅತ್ತಿಗೆ ಕಾಲರನ್ನು ತಾನೇ ಬಿಚ್ಚತೊಡಗಿದಳು.

ಪರೀಕ್ಷೆಯ ದಿನ ನಕ್ಷೆಯ ಪ್ರಶ್ನೆ ಕಂಡಿದ್ದೇ ತಡ, ಅವಳ ತಲೆ ಖಾಲಿಯಾಯಿತು. ಮತ್ತೆ ಅದೇ ಗೆರೆಗಳು!

ಒಂದು ಗೆರೆಯ ಮೇಲೆ ಪೆನ್ಸಿಲ್ ಇಟ್ಟಳು. ಒತ್ತಾಗಿತ್ತು... ಮೊದಲನೇ ಗೇರ್. ಇಲ್ಲಿ ಅಗಲ... ನಾಲ್ಕು. ಬೆಟ್ಟ ತಾನಾಗಿಯೇ ಕಾಗದದಿಂದ ಎದ್ದು ನಿಂತಿತು! ಅವಳು ಬರೆದಳು, ಗಂಟೆ ಬಾರಿಸುವವರೆಗೂ ಬರೆದಳು.

ಹೊರಗೆ ಬರುವಾಗ ಒಂದೇ ಯೋಚನೆ. 'ಬರೀ ತಮಾಷೆಗೆ ಯಾರಾದರೂ ಅಷ್ಟು ತಾಳ್ಮೆಯಿಂದ ಹೇಳಿಕೊಡ್ತಾರಾ?'

ಗೇಟಿನ ಬಳಿ ಅವನು ನಿಂತಿದ್ದ.

"ಚೆನ್ನಾಗಿ ಬರೆದ್ರಾ?"

"ನೀವ್ಯಾಕೆ ಬರೀಲಿಲ್ಲ?"

ಅವನ ತಲೆ ತಗ್ಗಿತು. "ಸುಳ್ಳು ಹೇಳಿದ್ದೆ. ತಪ್ಪಾಯ್ತು. ಅವತ್ತು ಬಂದಿದ್ದು ಆ ನಕ್ಷೆ ನೋಡೋಕಷ್ಟೇ. ನೀವು 'ಆಮೇಲೆ?' ಅಂದ್ರಿ... ಹತ್ತು ವರ್ಷದಿಂದ ಲಾರಿ ಓಡಿಸ್ತಿದ್ದೀನಿ. ಊಟ ಆಯ್ತಾ ಅಂತ ಕೇಳಿದವರಿದ್ದಾರೆ, ಸರಕು ಯಾವಾಗ ಬರುತ್ತೆ ಅಂತ ಕೇಳಿದವರಿದ್ದಾರೆ. ದಾರಿಯಲ್ಲಿ ಏನು ನೋಡ್ದೆ ಅಂತ ಯಾರೂ ಕೇಳಿರಲಿಲ್ಲ. ಪರೀಕ್ಷೆ ಇಲ್ಲ ಅಂದಿದ್ರೆ ನಿಮ್ಮ ಪಕ್ಕ ಕೂರೋಕೆ ನಂಗೆ ಬೇರೆ ಏನು ನೆಪ ಇತ್ತು?"

"ಆಮೇಲಾದರೂ ಹೇಳಬಹುದಿತ್ತಲ್ಲ! ನಾನೆಷ್ಟು ಅತ್ತೆ ಗೊತ್ತಾ?"

"ಹೇಳಬೇಕು ಅಂತಾನೇ ಪ್ರತಿ ಸಲ ಬರ್ತಿದ್ದೆ. ನಿಮ್ಮ ಪ್ರಶ್ನೆ ಶುರುವಾದ್ರೆ... ಮರೆತೇ ಹೋಗ್ತಿತ್ತು."

ನಗಬಾರದೆಂದು ತುಟಿ ಕಚ್ಚಿದಳು. ನಗು ನಿಲ್ಲಲಿಲ್ಲ.

"ಕೋಪ ಇನ್ನೂ ಹೋಗಿಲ್ಲ."

"ಇರಲಿ. ಹೋಗೋವರೆಗೂ ಕಾಯ್ತೀನಿ."

"ನಾಳೆ ಅಂಗಡಿಗೆ ಬನ್ನಿ. ಅತ್ತಿಗೆ ನಿಮ್ಮನ್ನ ನೋಡಬೇಕು."

"ನನ್ನನ್ನ ಯಾಕೆ?"

"ನಾನು ಮದುವೆ ಆಗೋರನ್ನ ಅವರು ನೋಡೋದು ಬೇಡ್ವಾ?"

ಅವನು ಮಗುವಿನಂತೆ ಕಣ್ಣರಳಿಸಿದ. ಅವಳು ಮೆಲ್ಲನೆ ಕೇಳಿದಳು. "ಇನ್ಮೇಲೆ ಸುಳ್ಳು ಹೇಳಲ್ಲ ತಾನೆ?"

"ಒಂದೇ ಒಂದು ಹೇಳ್ತೀನಿ. ನಿಮ್ಮ ಅಡುಗೆ ಹೇಗಿದ್ರೂ ಚೆನ್ನಾಗಿದೆ ಅಂತ."

"ನಂಗೆ ಅಡುಗೇನೇ ಬರಲ್ಲ."

"ಹಾಗಾದ್ರೆ ನಾನೇ ಮಾಡ್ತೀನಿ... ಸುಳ್ಳು ನೀವು ಹೇಳಿ."