ಅಂಟಿಕೊಂಡ ಜೋಡಿ ಟಂಕ

೧೯೪೮ರ ಜನವರಿ ಹನ್ನೆರಡು, ಸೋಮವಾರ. ಬೆಳಗಿನ ಹತ್ತರ ಹೊತ್ತಿಗೆ ಆಳಂದ ಠಾಣೆಯ ಮೆಟ್ಟಿಲು ಹತ್ತಿ ಬಂದವರು ರಾಘೋಪಂತರು. ತಹಸೀಲು ಕಚೇರಿಯಲ್ಲಿ ಪೇಶಕಾರರಾಗಿ ನಿವೃತ್ತರಾದ ಅವರನ್ನು ಊರಲ್ಲಿ ಅರಿಯದವರಿರಲಿಲ್ಲ. ಆದರೆ ಹೀಗೆ ತಲೆಗೆ ರುಮಾಲಿಲ್ಲದೆ ಬಜಾರ ದಾಟಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಠಾಣೆಯ ಇನ್ಸ್‌ಪೆಕ್ಟರ್ ಸೈದಪ್ಪ ಎದ್ದು ಕುರ್ಚಿ ಸರಿಸಿದ. ಊರವರ ಬಾಯಲ್ಲಿ ಅವನು ಅಮೀನಸಾಬ.

"ಕುಂದರ್ರಿ ಪಂತರ. ಏನಾತು?"

"ಕಳುವಾಗೇದ, ಸೈದಪ್ಪ. ನನ್ನ ಬೆಳ್ಳಿ ಹೋತು."

"ಪೂಜಾದ ಸಾಮಾನೇನ್ರಿ?"

"ಅದು ಹೋಗಿದ್ರ ಇಲ್ಲಿತನಕ ಬರ್ತಿದ್ದಿಲ್ಲ. ಟಂಕ ಹೋಗ್ಯಾವ. ಬಹಮನಿ ಟಂಕ."

ಸೈದಪ್ಪನಿಗೆ ಮುಂದೆ ಕೇಳಬೇಕಾಗಲಿಲ್ಲ. ಆ ನಾಣ್ಯಗಳನ್ನು ಅವನು ಬಲ್ಲ. ಶುಕ್ರವಾರದ ರಜೆಯ ದಿನ ಪಂತರ ಪಡಸಾಲೆಯಲ್ಲಿ ಕುಳಿತು ಅವುಗಳನ್ನು ನೋಡುವುದು ಅವನಿಗೊಂದು ರೂಢಿಯಾಗಿತ್ತು. ಬಿಳಿ ಧೋತರ ಹಾಸಿ ಪಂತರು ಒಂದೊಂದೇ ನಾಣ್ಯ ಇಡುವರು. ಯಂತ್ರ ಕಾಣದ ಬೆಳ್ಳಿ ಅದು. ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು, ಮೇಲೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆದದ್ದು. ಒಂದರಲ್ಲಿ ಸುಲ್ತಾನನ ಹೆಸರು ಅಂಚಿನಾಚೆ ಜಾರಿರುತ್ತದೆ, ಇನ್ನೊಂದರಲ್ಲಿ ಅಕ್ಷರ ಎರಡು ಸಲ ಮೂಡಿರುತ್ತದೆ. "ಹೊಡೆದಾಂವನ ಕೈ ನಡುಗಿದ್ದೂ ಇದರೊಳಗ ಅದ ನೋಡು," ಎನ್ನುವರು ಪಂತರು. ಯಾವ ಟಂಕ ಯಾವ ಸಂತೆಯಲ್ಲಿ ಸಿಕ್ಕಿತು, ಯಾವ ಅಕ್ಕಸಾಲಿಗನ ಕುಲುಮೆಯಿಂದ ಕಡೆಗಳಿಗೆಯಲ್ಲಿ ಪಾರಾಯಿತು, ಆ ದಿನ ಮಳೆಯಿತ್ತೋ ಬಿಸಿಲಿತ್ತೋ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು.

ಎಫ್.ಐ.ಆರ್. ಬರೆದುಕೊಂಡು ಸೈದಪ್ಪ ಜಮಾದಾರ ಮುರ್ತುಜಾನೊಂದಿಗೆ ಪಂತರ ಮನೆಗೆ ನಡೆದ.

ಪಡಸಾಲೆಯ ತುಂಬ ಗೋಣಿತಟ್ಟಿನಲ್ಲಿ ಹೊಲಿದ ಪೆಟ್ಟಿಗೆಗಳು. ರಜಾಕಾರರ ಗಲಾಟೆಗೆ ಅಂಜಿ ಹೈದರಾಬಾದ ಸಂಸ್ಥಾನದ ಗಡಿಯ ಊರುಗಳ ಅನೇಕರು ಗಡಿಯಾಚೆಯ ಸೋಲಾಪುರದ ದಾರಿ ಹಿಡಿದಿದ್ದರು. ಪಂತರೂ ಹೊರಟವರೇ. ಇಬ್ಬರು ಪಂಚರನ್ನು ಕೂಡಿಸಿ ಸ್ಥಳ ಪಂಚನಾಮೆ ಮಾಡಿದರು. ಟಂಕಗಳನ್ನು ಐದು ಬಟ್ಟೆಯ ಚೀಲಗಳಲ್ಲಿ ಕಟ್ಟಿ ಒಂದು ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಪೆಟ್ಟಿಗೆಯ ಚಿಲಕ ಮುರಿದಿದ್ದರಿಂದ ಸುತ್ತಲೂ ತಟ್ಟು ಹೊಲಿಸಿದ್ದರು. ಊರು ಬಿಡುವ ಮುನ್ನ ಇನ್ನೊಮ್ಮೆ ನೋಡಬೇಕೆನಿಸಿ ಪಂತರೇ ಬೆಳಿಗ್ಗೆ ಹೊಲಿಗೆ ಬಿಚ್ಚಿದ್ದರು. ಒಳಗೆ ನಾಲ್ಕೇ ಚೀಲ ಇದ್ದವು.

ಸೈದಪ್ಪ ತಟ್ಟನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಪಂತರು ಬಿಚ್ಚಿದ ಕಡೆ ಬಿಟ್ಟರೆ ಹೊಲಿಗೆ ಎಲ್ಲಿಯೂ ಕಡಿದಿರಲಿಲ್ಲ, ಹರಿದಿರಲಿಲ್ಲ. ಉಳಿದ ಪೆಟ್ಟಿಗೆಗಳ ಹೊಲಿಗೆಯೂ ಅದೇ ಕೈಯದು.

"ಹೊಲಿದವರು ಯಾರು?"

"ಒಬ್ಬಾಕಿ ಮುದುಕಿ. ವಜೀರುನ್ನಿಸಾ ಅಂತ. ಆಕೀನೇ ಕೆಲಸ ಕೇಳಿಕೊಂಡು ಬಂದಿದ್ಲು. ನಿನ್ನೆ ಕೂಲಿಗೂ ಬರಲಿಲ್ಲ."

"ಟಂಕ ಆಕಿ ನೋಡಿದ್ಲೇನ್ರಿ?"

"ಇಲ್ಲೇ ಬಿಸಲಿಗೆ ಹಾಸಿದ್ದೆ. ನೋಡಿರಬೇಕು."

"ಹೋದ ಚೀಲದಾಗ ಏನಿದ್ವು?"

"ಗುಲ್ಬರ್ಗಾ ಟಂಕಸಾಲಿದವು. ಎರಡು ಒಂದಕ್ಕೊಂದು ಅಂಟಿಕೊಂಡಿದ್ವು." ಪಂತರು ಎರಡು ಬೆರಳು ಜೋಡಿಸಿ ತೋರಿಸಿದರು. "ಅಂಥವು ಮತ್ತ ಸಿಗೂದಿಲ್ಲ."

"ನನಗ ಒಮ್ಮೆನೂ ತೋರಿಸಿಲ್ಲಲ್ರಿ ಅವನ್ನ. ಎಲ್ಲಿ ಸಿಕ್ಕಿದ್ವು?"

ಪಂತರು ಕಿಟಕಿಯತ್ತ ನೋಡಿದರು. "ಬಜಾರದಾಗ. ನೆನಪಿಲ್ಲ."

ಸೈದಪ್ಪ ಬರೆಯುತ್ತಿದ್ದ ಕೈ ನಿಲ್ಲಿಸಿದ. ಒಂದೊಂದು ಟಂಕದ ಜಾತಕ ಹೇಳುವ ಮನುಷ್ಯನಿಗೆ, ಮತ್ತೆ ಸಿಗದಂಥವು ಎಲ್ಲಿ ಸಿಕ್ಕವೆಂಬುದು ನೆನಪಿಲ್ಲ.

ಹೊರಗೆ ಬಂದಮೇಲೆ ಮುರ್ತುಜಾ ದನಿ ತಗ್ಗಿಸಿದ. "ಸಾಹೇಬ್ರ, ಬ್ರಾಹ್ಮಣರ ಮನಿಯಾಗ ಮುಸಲ್ಮಾನರ ಹೆಣ್ಮಗಳು ಕಳವು ಮಾಡ್ಯಾಳ ಅಂತ ಸುದ್ದಿ ಆದ್ರ, ಊರು ಹೊತ್ತಿಕೊಳ್ತದ್ರಿ."

"ಅದಕ್ಕ ನಾವಿಬ್ಬರೇ ಹೋಗೂಣು. ಬ್ಯಾರೆ ಯಾರಿಗೂ ಹೇಳಬ್ಯಾಡ."

ವಜೀರುನ್ನಿಸಾಳ ಮಗಳು ಸುಲ್ತಾನಬಿಯ ಗಂಡನ ಮನೆ ಆಳಂದದಲ್ಲೇ ಇತ್ತು, ಮುದುಕಿ ಇದ್ದದ್ದೂ ಅಲ್ಲೇ. ಪೊಲೀಸರನ್ನು ಕಂಡು ಅವಳು ಸೆರಗನ್ನು ಹಲ್ಲಲ್ಲಿ ಕಚ್ಚಿ ಬಾಗಿಲ ಮರೆಗೆ ನಿಂತಳು.

"ತಾಯಿ ಎಲ್ಲಿ?"

"ಹವಳಗಾಕ್ಕ ಹೋಗ್ಯಾಳ್ರಿ. ಅಬ್ಬಾನ ಗೋರಿಗೆ ಹೂ ಹಾಕಿ ಬರ್ತೇನಿ ಅಂದ್ಲು."

"ಕೈಯಾಗ ಏನಿತ್ತು?"

"ಒಂದು ಗಂಟಿತ್ರಿ. ಬಿಚ್ಚಿ ತೋರಸ್ಲಿಲ್ಲ." ಸ್ವಲ್ಪ ತಡೆದು ಅವಳೇ ಅಂದಳು: "ಎರಡು ದಿನದಿಂದ ಊಟಾ ಬಿಟ್ಟಿದ್ಲ್ರಿ. ಆದ್ರ ಹೋಗುವಾಗ ಮಾರಿ ಮ್ಯಾಲ ಕಳೀ ಇತ್ತು."

ಮರುದಿನ ಬಸ್ಸಿನಲ್ಲಿ ಅಫಜಲಪುರಕ್ಕೆ ಹೋಗಿ, ಅಲ್ಲಿಂದ ಬಾಡಿಗೆ ಚಕ್ಕಡಿಯಲ್ಲಿ ಹವಳಗಾ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ದಾರಿಯ ಎರಡೂ ಬದಿ ಆಳೆತ್ತರದ ಬಿಳಿಜೋಳ. ವಜೀರುನ್ನಿಸಾಳ ಹಳೆಯ ಮನೆಯ ಗೋಡೆಗಳಷ್ಟೇ ಉಳಿದಿದ್ದವು. ಪಕ್ಕದ ಮನೆಯ ಹಣಮವ್ವ ಅಂಗಳದಲ್ಲಿ ಕುಳಿತು ತೊಗರಿ ಕೇರುತ್ತಿದ್ದಳು.

"ಬಂದಿದ್ಲ್ರಿ ವಜೀರವ್ವ. ನನ್ನ ಕೂಡ ಉಂಡು, ಇಲ್ಲೇ ಮಲಗಿದ್ಲು. ಹೊತ್ತು ಮೂಡಿದ ಕೂಡ್ಲೆ ಗೋರಿಗೆ ಹೋಗಿ, ಹಂಗs ಹೊಳಿ ದಾಟಿ ಜೇವರ್ಗಿಗೆ ನಡದ್ಲು."

"ಜೇವರ್ಗಿಯಾಗ ಯಾರದಾರ?"

"ಯಾರೂ ಇಲ್ರಿ. ಕೋರ್ಟ ಕಚೇರಿ ಅದ. ರಸೂಲಣ್ಣಗ ಸಜಾ ಆಗಿದ್ದು ಅಲ್ಲೇ."

ಮೊರವನ್ನು ಬದಿಗಿಟ್ಟು ಹಣಮವ್ವ ಹೇಳಿದಳು. ವಜೀರುನ್ನಿಸಾಳ ಗಂಡ ರಸೂಲ ಹೊಲ ಹೂಡುವಾಗ ನೇಗಿಲಿಗೆ ಒಂದು ಗಡಿಗೆ ತಾಕಿತ್ತು. ಒಳಗೆ ಹಸಿರುಗಟ್ಟಿದ ಬೆಳ್ಳಿ. ಮನೆಗೆ ತಂದು ಹೆಂಡತಿಗೂ ನೆರೆಯವರಿಗೂ ತೋರಿಸಿದ. ನೆಲದೊಳಗಿನ ನಿಧಿ ಸರಕಾರದ್ದೆಂದು ಹಿರಿಯರು ಹೇಳಿದ್ದಕ್ಕೆ, ಅದೇ ದಿನ ಗಡಿಗೆಯ ಬಾಯಿ ಕಟ್ಟಿ, ಹೆಗಲಮೇಲೆ ಹೊತ್ತು ಎಲ್ಲರ ಕಣ್ಣೆದುರು ಚಾವಡಿಗೆ ಒಯ್ದು, ಅಫಜಲಪುರದಿಂದ ಬಂದ ಪೇಶಕಾರರ ಮುಂದೆ ಇಟ್ಟ. ಹೈದರಾಬಾದಿಗೆ ಹೋದದ್ದು ಒಂದು ಹಿಡಿ ಬೆಳ್ಳಿ. ತುಂಬಿದ ಗಡಿಗೆಯೆಂದು ಊರೆಲ್ಲ ಹೇಳುತ್ತಿದೆ, ಉಳಿದದ್ದೆಲ್ಲಿ ಎಂದು ಮೇಲಿನವರು ಕೇಳಿದಾಗ, ಚಾವಡಿಗೆ ತರುವ ಮೊದಲೇ ರಸೂಲ ತೆಗೆದು ಮುಚ್ಚಿಟ್ಟಿರಬೇಕೆಂದಾಯಿತು. ಗುಲ್ಬರ್ಗಾದ ಜೈಲಿನಲ್ಲಿ ವಾಂತಿಭೇದಿ ಹತ್ತಿ ವರ್ಷದೊಳಗೆ ಸತ್ತ.

"ಗಡಿಗಿಯಾಗಿನ ರೂಪಾಯಿ ನೀನೂ ನೋಡಿದ್ದೆ ಏನವ್ವ?"

"ನೋಡೇನ್ರಿ. ಎರಡು ಒಂದಕ್ಕೊಂದು ಕಚ್ಚಿಕೊಂಡಿದ್ವು. ರಸೂಲಣ್ಣ ಕುಡಗೋಲ ತುದಿಲೆ ಬಿಡಸಾಕ ಹೋದ. ಬಿಡಲಿಲ್ಲ, ಒಂದರ ಅಂಚು ಮುಕ್ಕಾತು. 'ಗಂಡ ಹೆಂಡ್ತಿ ಇದ್ದಂಗ ಅದಾವ, ಬಿಡು' ಅಂತ ವಜೀರವ್ವ ನಕ್ಕಿದ್ಲು."

ಸೈದಪ್ಪ ಕಾಗದ ತೆಗೆದು ಅದನ್ನು ಬರೆದುಕೊಂಡ.

"ಆ ಪೇಶಕಾರರ ಹೆಸರು?"

"ಪಂತರು ಅಂತಿದ್ರು. ಬೆಳ್ಳನ ಮನಿಷ್ಯಾ. ಭಾಳ ಮೆತ್ತಗ ಮಾತಾಡಾಂವ್ರಿ."

ಚಕ್ಕಡಿಯಲ್ಲಿ ಅಫಜಲಪುರಕ್ಕೆ ವಾಪಸು ಬರುವಾಗ ಮುರ್ತುಜಾ ಎರಡು ಸಲ ಬೀಡಿ ಹಚ್ಚಿದ, ಎರಡು ಸಲವೂ ಸೇದದೆ ಎಸೆದ. ಸೈದಪ್ಪ ಶುಕ್ರವಾರಗಳ ಬಿಳಿ ಧೋತರವನ್ನು ನೆನೆಯುತ್ತಿದ್ದ. ಆ ಪಡಸಾಲೆಯಲ್ಲಿ ಕುಡಿದ ಚಹಾ, ಕೇಳಿದ ಸುಲ್ತಾನರ ಕತೆಗಳು. ಒಬ್ಬ ಮನುಷ್ಯನನ್ನು ಇಷ್ಟು ದಿನ ನೋಡಿಯೂ ನೋಡಿರಲಿಲ್ಲ ಎನಿಸಿತು.

ಜನವರಿ ಹದಿನಾಲ್ಕು, ಬುಧವಾರ. ಜೇವರ್ಗಿಯ ಕಚೇರಿಯ ಕಟ್ಟೆಯ ಮೇಲೆ, ಬೇವಿನ ನೆರಳಲ್ಲಿ, ಒಬ್ಬ ಮುದುಕಿ ಮಡಿಲಲ್ಲಿ ಗಂಟು ಹಿಡಿದು ಕುಳಿತಿದ್ದಳು. ಗಲಾಟೆಯ ದಿನಗಳೆಂದು ಮುನಸೀಫರು ಬಂದಿರಲಿಲ್ಲ. ಗುಮಾಸ್ತ ಅವಳನ್ನು ಆಗಲೇ ಗದರಿಸಿದ್ದ. ಅವಳು ಎದ್ದಿರಲಿಲ್ಲ.

ಸೈದಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. "ಬೂವಮ್ಮ, ನಾ ಆಳಂದದ ಅಮೀನ. ಗಂಟಿನಾಗ ಏನದ?"

"ನನ್ನ ಗಂಡ ಸರಕಾರಕ್ಕ ಕೊಟ್ಟಿದ್ದು."

"ಪಂತರ ಪೆಟ್ಟಿಗಿಯಿಂದ ತಗೊಂಡ್ಯಾ?"

"ಹೌದ್ರಿ."

"ಹ್ಯಾಂಗ?"

"ಅಂವ್ರು ಊಟಕ್ಕ ಒಳಗ ಹೋದಾಗ. ತಗೊಂಡು ತಟ್ಟು ಹೊಲಿದೆ."

"ಉಳಿದ ಚೀಲ ಯಾಕ ಮುಟ್ಟಲಿಲ್ಲ?"

ಅವಳಿಗೆ ಈ ಪ್ರಶ್ನೆ ವಿಚಿತ್ರವೆನಿಸಿತು. "ಅವು ಅಂವ್ರವು ಅಲ್ಲೇನ್ರಿ?"

"ಅವರ ಮನಿಗೆ ಕೆಲಸಾ ಕೇಳಿ ಹೋಗಿದ್ದು ಯಾಕ?"

"ಊರು ಬಿಟ್ಟು ಹೊಂಟಾರ ಅಂತ ಕೇಳಿದೆ. ಒಮ್ಮೆ ಮಾರಿ ನೋಡಿ ಕೇಳಬೇಕು ಅನ್ನಿಸ್ತು, ನನ್ನ ಗಂಡ ನಿಮಗ ಏನು ಮಾಡಿದ್ದ ಅಂತ. ಬಾಯಿ ಬರಲಿಲ್ಲ. ಹೊಲಕೋತ ಕುಂತೆ. ಮೂರನೇ ದಿನ ಅಂವ್ರು ಬಿಸಲಿಗೆ ಹಾಸಿದ್ರು. ಇದು ಕಣ್ಣಿಗೆ ಬಿತ್ತು."

ಗಂಟು ಬಿಚ್ಚಿ ಅವಳು ಜೋಡಿ ಟಂಕವನ್ನು ಅಂಗೈಯಲ್ಲಿ ಚಾಚಿದಳು. ಅಂಚಿನಲ್ಲಿ ಕುಡುಗೋಲಿನ ಮುಕ್ಕು ಹಾಗೇ ಇತ್ತು. ಸೈದಪ್ಪ ತಿರುಗಿ ಮುರ್ತುಜಾನನ್ನು ನೋಡಿದ. ಜಮಾದಾರ ಟೊಪ್ಪಿಗೆ ತೆಗೆದು ನಿಂತಿದ್ದ.

"ಬೂವಮ್ಮ, ಇದನ್ನ ಕರಗಿಸಿ ಮಾರಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಇಲ್ಲಿ ತಂದು ಕುಂತ್ರ ಸಿಕ್ಕಿ ಬೀಳ್ತೇನಿ ಅಂತ ಗೊತ್ತಿತ್ತಿಲ್ಲೋ?"

"ಗೊತ್ತಿತ್ತು. ಅಂವ್ರು ಸೋಲಾಪುರಕ್ಕ ಒಯ್ದಿದ್ರ, ನಾ ಯಾರಿಗೆ ತೋರಿಸ್ಲಿ? ನನ್ನ ಮಗಳು ಇವತ್ತಿಗೂ ಹವಳಗಾಕ್ಕ ಕಾಲಿಡೂದಿಲ್ರಿ. ಕಳ್ಳನ ಮಗಳು ಅಂತಾರ." ಅವಳು ಗಂಟನ್ನು ಅವನ ಮುಂದೆ ಸರಿಸಿದಳು. "ಇಲ್ಲಿಯವರು ಬರಕೊಳ್ಳಾಂಗಿಲ್ಲ ಅಂದ್ರು. ನೀವರ ಬರಕೊಳ್ರಿ."

ಗುಮಾಸ್ತನನ್ನೂ ಚಹಾದಂಗಡಿಯವನನ್ನೂ ಪಂಚರನ್ನಾಗಿ ಕರೆದು ಸೈದಪ್ಪ ಅಲ್ಲೇ ಜಪ್ತಿ ಪಂಚನಾಮೆ ಬರೆದ. ಅಂಟಿಕೊಂಡ ಜೋಡಿಯ ವಿವರ ಬರೆಯುವಾಗ ಅಂಚಿನ ಮುಕ್ಕನ್ನೂ, ಅದು ಹೇಗಾಯಿತೆಂದು ಹಣಮವ್ವ ಹೇಳಿದ್ದನ್ನೂ ಬಿಡಲಿಲ್ಲ. ಬರೆದದ್ದನ್ನು ಓದಿ ಹೇಳಿದ. ಅವಳು ಹೆಬ್ಬೆಟ್ಟು ಒತ್ತಿದಳು. ಆಗಲೇ ಅವಳನ್ನು ದಸ್ತಗಿರಿ ಮಾಡಿದರು. ಮುರ್ತುಜಾ ಬೇಡಿ ಹಾಕಲಿಲ್ಲ. ಸೈದಪ್ಪನೂ ಕೇಳಲಿಲ್ಲ.

ಗುರುವಾರ ಸಂಜೆ ಆಳಂದ ತಲುಪಿದ ಕೂಡಲೇ ಸೈದಪ್ಪ ಪಂತರ ಮನೆಗೆ ಒಬ್ಬನೇ ಹೋದ. ಬಾಗಿಲಲ್ಲಿ ಕಾದು ನಿಂತಿದ್ದ ಪಂತರು ಕಳ್ಳರು ಯಾರೆಂದು ಕೇಳಲಿಲ್ಲ.

"ಆ ಜೋಡಿ ಬಿಡಸಿಲ್ಲಲ್ಲ?"

"ಇಲ್ರಿ. ಹವಳಗಾದ ರಸೂಲಗೂ ಬಿಡಸಾಕ ಬಂದಿದ್ದಿಲ್ಲ."

ಪಂತರು ಮೆಲ್ಲಗೆ ಒಂದು ಪೆಟ್ಟಿಗೆಯ ಮೇಲೆ ಕುಳಿತರು. "ಹೈದರಾಬಾದಿಗೆ ಕಳಿಸಿದ್ರ ಲೆಕ್ಕಿಲ್ಲದಂಗ ಕರಗಿಸಿಬಿಡ್ತಾರ ಅಂತ ಕೇಳಿದ್ದೆ, ಸೈದಪ್ಪ. ಒಂದು ಹಿಡಿ ಕಳಿಸಿ ಉಳಿದದ್ದು ಉಳಿಸಿಕೊಂಡೆ. ಮಾರಾಕಲ್ಲ. ಒಂದೂ ಮಾರಿಲ್ಲ. ಅಂವಗ ಸಜಾ ಆಗ್ತದ ಅಂತ ಎಣಿಸಿದ್ದಿಲ್ಲ."

"ಸಜಾ ಆದಮ್ಯಾಲ ಹೇಳಬಹುದಿತ್ತಲ್ರಿ?"

"ಹೇಳಿದ್ರ ಇವು ಹೋಗ್ತಿದ್ವು."

ಅಷ್ಟು ಹೇಳಿ ಅವರು ತಾವೇ ಆಡಿದ ಮಾತನ್ನು ಕೇಳಿಸಿಕೊಂಡವರಂತೆ ಮುಖ ಮುಚ್ಚಿಕೊಂಡರು. ಸೈದಪ್ಪನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

"ಪಂತರ, ಫಿರ್ಯಾದಿ ಕೊಡಾಕ ಬಂದದ್ದು ನೀವೇ. ಇನ್ನ ನಿಮ್ಮ ಮ್ಯಾಲೂ ಒಂದು ಎಫ್.ಐ.ಆರ್. ಬರೀಬೇಕಾಗ್ತದ. ಠಾಣೆಗೆ ಬರ್ರಿ."

ಪಂತರು ರುಮಾಲು ಸುತ್ತಿಕೊಂಡು ಹಿಂದೆ ನಡೆದರು. ಸೋಲಾಪುರದ ಪೆಟ್ಟಿಗೆಗಳು ಪಡಸಾಲೆಯಲ್ಲೇ ಉಳಿದವು. ಟಂಕಗಳೆಲ್ಲ ಮೊಕದ್ದಮೆಯ ಮುದ್ದೆಮಾಲಾಗಿ ಅರಗಿನ ಮುದ್ರೆಯ ಕೆಳಗೆ ಹೋದವು.

ಶುಕ್ರವಾರದ ರಜೆ ಕಳೆದು ಶನಿವಾರ ವಜೀರುನ್ನಿಸಾಳನ್ನು ಆಳಂದದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಹವಳಗಾದಿಂದ ಚಕ್ಕಡಿ ಕಟ್ಟಿಕೊಂಡು ಹಣಮವ್ವ ಬಂದಿದ್ದಳು, ಜೊತೆಗೆ ಊರಿನ ನಾಲ್ಕು ಜನ ಹಿರಿಯರು. ಸುಲ್ತಾನಬಿ ಗೋಡೆಗೆ ಒರಗಿ ನಿಂತಿದ್ದಳು. ಆಪಾದನೆ ಓದಿದ ಮ್ಯಾಜಿಸ್ಟ್ರೇಟರು, ಕಳವು ಮಾಡಿದ್ದು ನಿಜವೇ ಎಂದು ಕೇಳಿದರು. ಇಷ್ಟು ದೊಡ್ಡ ಕೋಣೆಯಲ್ಲಿ ಎಂದೂ ಮಾತಾಡದ ಮುದುಕಿ ಮೊದಲು ಹವಳಗಾದವರ ಕಡೆ ತಿರುಗಿ, ಎಲ್ಲರೂ ಕೇಳುತ್ತಿರುವರೆಂದು ಖಾತ್ರಿ ಮಾಡಿಕೊಂಡಳು.

"ಹೌದ್ರಿ ಸಾಹೇಬ್ರ," ಎಂದಳು. "ನಾ ಕದ್ದೇನಿ. ಅಂವ ಕದ್ದಿದ್ದಿಲ್ಲ."